ಕಫದ ಸ್ಲೈಡಿನಲ್ಲಿ ಹುಳು

ಸ್ಟೀರಾಯ್ಡ್ ನುಂಗುತ್ತಿರುವ ರೋಗಿಯ ರಕ್ತದ ಕಲ್ಚರಿನಲ್ಲಿ ಮತ್ತೆ ಮತ್ತೆ ಕರುಳಿನ ಬ್ಯಾಕ್ಟೀರಿಯಾ ಬೆಳೆದರೆ ನಾನು ವಾರ್ಡಿಗೆ ಫೋನ್ ಮಾಡಿ ಕೇಳುವುದು ಒಂದೇ: "ಇವರು ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರಾ?" ಹೊಸದಾಗಿ ಸೇರಿದ ಡಾಕ್ಟರುಗಳು ನಗುತ್ತಾರೆ. ನಗಲಿ.

ಈ ಅಭ್ಯಾಸ ಹತ್ತಿದ್ದು ಮಲೆನಾಡಿನ ಅಡಿಕೆ ತೋಟದ ಹಿರಿಯರೊಬ್ಬರಿಂದ. ಚರ್ಮದ ಕಾಯಿಲೆಗೆ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ಮೊದಲು ವಾಂತಿ, ಹೊಟ್ಟೆಯುಬ್ಬರ, ಆಮೇಲೆ ಉಬ್ಬಸ. ಟಿಬಿ ಇರಬಹುದೆಂದು ಕಫ ನಮ್ಮ ಲ್ಯಾಬಿಗೆ ಬಂತು. ಬಣ್ಣ ಹಾಕುವ ಮುಂಚೆ ಹಸಿಯಾಗಿಯೇ ಒಂದು ಸ್ಲೈಡ್ ನೋಡಿದೆ. ಲಾರ್ವಾಗಳು, ಅಂದರೆ ಮರಿಹುಳುಗಳು, ಹರಿದಾಡುತ್ತಿದ್ದವು. ಸ್ಟ್ರಾಂಜಿಲಾಯ್ಡಿಸ್: ಮಣ್ಣಿನಿಂದ ಬರಿಗಾಲಿನ ಚರ್ಮ ಕೊರೆದು ಮೈಸೇರುವ ಕರುಳಿನ ಹುಳು.

ಕೊಕ್ಕೆಹುಳುವಿನ ಮೊಟ್ಟೆ ಹೊರಗೆ ಹೋಗಿ ಮಣ್ಣಿನಲ್ಲೇ ಒಡೆಯಬೇಕು. ಇದಕ್ಕೆ ಆ ಹಂಗಿಲ್ಲ. ಮೊಟ್ಟೆ ಕರುಳಿನಲ್ಲೇ ಒಡೆಯುತ್ತದೆ, ಕೆಲವು ಲಾರ್ವಾಗಳು ಅಲ್ಲಿಯೇ ಬಲಿತು ಕರುಳಿನ ಗೋಡೆಯನ್ನೋ ಗುದದ್ವಾರದ ಸುತ್ತಲಿನ ಚರ್ಮವನ್ನೋ ಕೊರೆದು ಮತ್ತೆ ಒಳಗೇ ಸೇರುತ್ತವೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರೈಲುಮಾರ್ಗದಲ್ಲಿ ದುಡಿದ ಯುದ್ಧಕೈದಿಗಳ ಮೈಯಲ್ಲಿ ದಶಕಗಳ ನಂತರವೂ ಈ ಹುಳು ಸಿಕ್ಕಿದ್ದು ಹೀಗೆ. ರೋಗನಿರೋಧಕ ಶಕ್ತಿ ಗಟ್ಟಿಯಿರುವತನಕ ಅದು ಹದ್ದುಬಸ್ತಿನಲ್ಲಿರುತ್ತದೆ. ಸ್ಟೀರಾಯ್ಡ್ ಬಿತ್ತೋ, ಸಂಖ್ಯೆ ಮಿತಿಮೀರಿ ಶ್ವಾಸಕೋಶ, ಮಿದುಳಿನತನಕ ನುಗ್ಗುತ್ತದೆ, ಕರುಳಿನ ಬ್ಯಾಕ್ಟೀರಿಯಾವನ್ನೂ ಜೊತೆಗೆ ಒಯ್ಯುತ್ತದೆ. ಉಬ್ಬಸವೆಂದು ಸ್ಟೀರಾಯ್ಡ್ ಹೆಚ್ಚಿಸಿದರೆ ಕೇಳುವುದೇ ಬೇಡ.

"ಇಯೊಸಿನೋಫಿಲ್ ಏರಿಲ್ಲವಲ್ಲ ಡಾಕ್ಟ್ರೇ" ಎನ್ನುತ್ತಾರೆ. ಮೈಯಲ್ಲಿ ಹುಳುವಿದ್ದರೆ ಸಾಮಾನ್ಯವಾಗಿ ಏರುವ ಬಿಳಿ ರಕ್ತಕಣ ಅದು, ಆದರೆ ಸ್ಟೀರಾಯ್ಡ್ ಇರುವಾಗ ಏರದೇ ಇರಬಹುದು. ಒಂದು ಸಲದ ಮಲ ಪರೀಕ್ಷೆಯ 'ನೆಗೆಟಿವ್' ಕೂಡ ನನಗೆ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಲಾರ್ವಾ ಎಲ್ಲ ದಿನವೂ ಹೊರಬೀಳುವುದಿಲ್ಲ. ಬೇರೆ ಬೇರೆ ದಿನದ ಮಲ ತರಿಸುತ್ತೇನೆ, ತಾಜಾ ಇರಬೇಕು, ಫ್ರಿಜ್ಜಿನಲ್ಲಿ ಇಟ್ಟಿರಬಾರದು. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟಿನ ನಡುವೆ ಸ್ವಲ್ಪ ಇಟ್ಟು, ಅಂಚಿಗೆ ಟೇಪ್ ಸುತ್ತಿ, ಕೆಲವು ದಿನ ನೋಡುತ್ತೇವೆ. ಲಾರ್ವಾ ತೆವಳಿದ ಕಡೆಯೆಲ್ಲ ಬ್ಯಾಕ್ಟೀರಿಯಾ ಬೆಳೆದು ಅಂಕುಡೊಂಕಾದ ಜಾಡು ಮೂಡುತ್ತದೆ. ಗ್ಲೌಸ್ ಇಲ್ಲದೆ ಆ ಪ್ಲೇಟನ್ನು ಮುಟ್ಟಲು ಯಾರಿಗೂ ಬಿಡುವುದಿಲ್ಲ. ಬಲಿತ ಲಾರ್ವಾ ಚರ್ಮ ಕೊರೆಯುತ್ತದೆ.

ಶಾಲೆಗಳಲ್ಲಿ ಕೊಡುವಂಥ ಒಂದು ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆ ಇದಕ್ಕೆ ಸಾಲದು. ಆ ಹಿರಿಯರಿಗೆ ದಿನಕ್ಕೆ ಒಂದು ಸಲ, ಪ್ರತಿ ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಐವರ್‌ಮೆಕ್ಟಿನ್ ಶುರುವಾಯಿತು. ಜೊತೆಗೆ ಆಂಟಿಬಯಾಟಿಕ್. ಸ್ಟೀರಾಯ್ಡನ್ನು ಚರ್ಮವೈದ್ಯರು ಹಂತಹಂತವಾಗಿ ಇಳಿಸಿದರು. ಕಫ, ಮಲ ಎರಡರಲ್ಲೂ ಎರಡು ವಾರ ಹುಳು ಕಾಣದಿರುವತನಕ ಮಾತ್ರೆ ನಿಲ್ಲಿಸಲಿಲ್ಲ. ಬದುಕಿಕೊಂಡರು.

ಈಗ ದೀರ್ಘಕಾಲದ ಸ್ಟೀರಾಯ್ಡ್ ಶುರುಮಾಡುವ ಮುನ್ನವೇ ಚರ್ಮ ವಿಭಾಗದಿಂದ ನಮಗೆ ಸ್ಯಾಂಪಲ್ ಬರುತ್ತದೆ. ಕಾಯಲು ಸಮಯವಿಲ್ಲದಿದ್ದರೆ ತೋಟದ ಕೆಲಸದವರಿಗೆ ಮೊದಲೇ ಐವರ್‌ಮೆಕ್ಟಿನ್ ಕೊಡಿ ಎನ್ನುತ್ತೇನೆ. ಹಿರಿಯರ ಮನೆಯವರ ಮಲವನ್ನೂ ತರಿಸಿದ್ದೆವು. ಮಗನ ಪ್ಲೇಟಿನಲ್ಲಿ ಜಾಡು ಬಂತು. ಅವನಿಗೆ ಹೊಟ್ಟೆನೋವು ಕೂಡ ಇರಲಿಲ್ಲ. ಎರಡು ದಿನದ ಮಾತ್ರೆ ಕೊಟ್ಟು ಕಳಿಸಿದೆವು.