ಗ್ಯಾನ ಎಲ್ಲಿದೆ?

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಗುಲಿದರೆ ಮನೆಯ ಹಿರಿಯರು ಮೊದಲು ಕೇಳುವುದು, "ಗ್ಯಾನ ಎಲ್ಲಿಟ್ಟಿದ್ದೆ?" ಅಂತ. ಗ್ಯಾನ ಅಂದರೆ ಗಮನ. ಮೈಂಡ್‌ಫುಲ್‌ನೆಸ್ ಅನ್ನುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಆದರೆ ಗದರಿ ಕೇಳುವುದಲ್ಲ. ದಿನಕ್ಕೆ ನಾಲ್ಕು ಸಲ ನಮ್ಮನ್ನು ನಾವೇ ಮೆಲ್ಲಗೆ ಕೇಳಿಕೊಳ್ಳುವುದು.

ರೇಷ್ಮೆ ಗೂಡಿನ ರೇಟು ಬಿದ್ದ ಒಂದು ವರ್ಷ ನನಗೆ ಎರಡು ತಿಂಗಳು ಸರಿಯಾಗಿ ನಿದ್ದೆ ಇರಲಿಲ್ಲ. ಹುಳುಮನೆಯಲ್ಲಿ ನಿಂತು ಸಾಲದ ಲೆಕ್ಕ ಹಾಕುತ್ತಿದ್ದೆ, ಮಾರ್ಕೆಟ್ಟಿನಲ್ಲಿ ನಿಂತು ಮನೆಯ ಚಿಂತೆ ಮಾಡುತ್ತಿದ್ದೆ. ಎಲ್ಲಿದ್ದರೂ ಅಲ್ಲಿರಲಿಲ್ಲ. ಆಗ ಶುರು ಮಾಡಿದ್ದು ಇದು. ಇದಕ್ಕೆ ನಂದಿ ಬೆಟ್ಟ ಹತ್ತಿ ಕಣ್ಣು ಮುಚ್ಚಿ ಕೂರಬೇಕಿಲ್ಲ, ಬೇರೆ ಟೈಮೂ ಬೇಡ.

ದಿನವೂ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ. ಒಂದೇ ಒಂದು. ಹುಳು ಸಾಕುವವರಾದರೆ ನಿಮ್ಮ ಅದೃಷ್ಟ, ಯಾಕೆಂದರೆ ನಾಲ್ಕನೇ ಜ್ವರ (ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಏಳೆಂಟು ದಿನ ಹುಳು ಸೊಪ್ಪು ತಿನ್ನುವ ಸದ್ದಿದೆಯಲ್ಲ, ಸೋಗೆ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಅದಕ್ಕಿಂತ ಒಳ್ಳೆಯದು ಬೇರೆ ಸಿಗುವುದಿಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನುವುದು ಆಗಲೇ. ಒಳಗೆ ಹೋಗುವ ಮುಂಚೆ ಹೇಗೂ ಕೈಕಾಲು ತೊಳೆಯುತ್ತೀರಿ. ಅದನ್ನೇ ಗುರುತು ಮಾಡಿಕೊಳ್ಳಿ: ನೀರು ಕಾಲಿಗೆ ಬಿತ್ತು, ಇನ್ನು ಐದು ನಿಮಿಷ ನಾನು ಇಲ್ಲೇ ಇರುತ್ತೇನೆ. ಮೊಬೈಲ್ ಹೊರಗೇ ಇರಲಿ. ಸೊಪ್ಪು ಹಾಕಿ, ಕೂತು, ಸದ್ದು ಕೇಳಿ. ಅಷ್ಟೇ.

ಅರ್ಧ ನಿಮಿಷ ಆಗುವುದರೊಳಗೆ ಮನಸ್ಸು ಓಡಿಹೋಗುತ್ತದೆ. ಈ ಸಲ ಕೆಜಿಗೆ ಎಷ್ಟು ಸಿಗುತ್ತೋ, ಸಂಘದ ಕಂತು ಯಾವತ್ತು, ಮಗಳ ಫೀಸು, ಬೋರು ಬತ್ತಿದರೆ ಏನು ಗತಿ... ಓಡಿದ್ದು ಗೊತ್ತಾದ ಕೂಡಲೇ ಒಳಗೇ "ಹೋಯ್ತು" ಅನ್ನಿ, ಮತ್ತೆ ಸದ್ದಿಗೆ ಬನ್ನಿ. ಬೈದುಕೊಳ್ಳಬೇಡಿ. ಜಾಸ್ತಿ ಜನ ಬಿಟ್ಟುಬಿಡುವುದು ಇಲ್ಲೇ, "ನನ್ನ ಮನಸ್ಸು ನಿಲ್ಲಲ್ಲ, ಇದು ನನಗಲ್ಲ" ಅಂತ. ಮನಸ್ಸು ಖಾಲಿ ಮಾಡುವುದು ನಮ್ಮ ಕೆಲಸವೇ ಅಲ್ಲ. ಇಪ್ಪತ್ತು ಸಲ ಹೋಗಿ ಇಪ್ಪತ್ತು ಸಲ ವಾಪಸ್ ಬಂದರೆ ಇಪ್ಪತ್ತು ಸಲ ಅಭ್ಯಾಸ ಮಾಡಿದ ಹಾಗೆ. ವಾಪಸ್ ಬರುವುದೇ ಅಭ್ಯಾಸ.

ಹುಳು ಇಲ್ಲದವರಿಗೆ ಮುದ್ದೆ ಇದೆ. ಬಿಸಿ ಎಷ್ಟಿದೆ ಅಂತ ಬೆರಳಿಗೆ ಗೊತ್ತಾಗಲಿ, ಮುರಿದು ಸಾರಿಗೆ ಅದ್ದುವುದು, ಗಂಟಲಲ್ಲಿ ಜಾರುವುದು, ಹೊಟ್ಟೆಗೆ ಇಳಿದ ಬಿಸಿ. ಮೊದಲ ನಾಲ್ಕು ತುತ್ತಿಗಾದರೂ ಟಿವಿ ಬೇಡ. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವರು ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಬಹುದು.

ಎದೆ ಡವಡವ ಅನ್ನುವ ಹೊತ್ತಿಗೆ ಉಸಿರು. ನಾಲ್ಕು ಎಣಿಸುತ್ತಾ ಮೂಗಿನಿಂದ ಒಳಗೆ ತಗೊಳ್ಳಿ, ಆರು ಎಣಿಸುತ್ತಾ ಹೊರಗೆ ಬಿಡಿ, ಐದಾರು ಸಲ. ಒಲೆ ಊದುವ ಹಾಗೆ ಜೋರಾಗಿ ಬೇಡ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನ ಆಗುತ್ತದೆ, ಅದಕ್ಕೇ ಬಿಡುವುದನ್ನು ಉದ್ದ ಮಾಡುವುದು. ನಾನು ವಾಟ್ಸಾಪ್‌ನಲ್ಲಿ ಅವತ್ತಿನ ರೇಟು ನೋಡುವ ಮುಂಚೆ ಮೂರು ಸಲ ಹೀಗೆ ಮಾಡುತ್ತೇನೆ. ರೇಟು ಬದಲಾಗುವುದಿಲ್ಲ ನಿಜ, ಆದರೆ ನೋಡಿದ ಮೇಲೆ ಮನೆಯವರ ಮೇಲೆ ಕೂಗಾಡುವುದು ಕಮ್ಮಿಯಾಗಿದೆ.

ಎರಡು ದಿನಕ್ಕೇ ಏನೂ ಆಗಲಿಲ್ಲ ಅನ್ನಬೇಡಿ. ಬುದ್ಧನ ಕಾಲದಿಂದ ಬಂದ ಈ ಧ್ಯಾನವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್‌-ಜಿನ್ ಅನ್ನುವವರು ಬಹಳ ದಿನದ ನೋವಿನಿಂದ ಬಳಲುವ ರೋಗಿಗಳಿಗೆ ಕಲಿಸಲು ಶುರು ಮಾಡಿದರು. ಅವರ ತರಗತಿ 8 ವಾರದ್ದು. ನೀವೂ ಅಷ್ಟು ದಿನ ಕೊಟ್ಟು ನೋಡಿ. ಎರಡು ಬೆಳೆ ಹುಳು ಮೇಯಿಸುವಷ್ಟು ದಿನ, ಅಷ್ಟೇ ಅಲ್ವಾ?

ರಾತ್ರಿ ನಿದ್ದೆ ಬಾರದಿದ್ದರೆ ಮಲಗಿದಲ್ಲೇ ಹೆಬ್ಬೆರಳಿನಿಂದ ಶುರು ಮಾಡಿ ಪಾದ, ಮೀನಖಂಡ, ಮಂಡಿ ಅಂತ ಒಂದೊಂದೇ ಜಾಗಕ್ಕೆ ಗಮನ ಕೊಡುತ್ತಾ ಮೇಲೆ ಬನ್ನಿ. ಕೆಲವರಿಗೆ ಸುಮ್ನೆ ಕಣ್ಣು ಮುಚ್ಚಿದರೆ ಹಳೆಯ ನೋವೆಲ್ಲ ನುಗ್ಗಿ ಬರುತ್ತದೆ. ಹಾಗಾದರೆ ಹಠ ಮಾಡಬೇಡಿ. ಕಣ್ಣು ಬಿಡಿ, ಎದ್ದು ಓಡಾಡಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಇದನ್ನು ನಂಬಿ ನಿಲ್ಲಿಸಬೇಡಿ. ಎರಡು ವಾರ ಊಟ, ನಿದ್ದೆ ಕೆಟ್ಟಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ, ಒಬ್ಬರೇ ಕೂತು ಉಸಿರು ಎಣಿಸುವ ಹೊತ್ತಲ್ಲ ಅದು. "ಹುಚ್ಚು ಅಂತಾರೆ" ಅಂತ ನಮ್ಮ ಕಡೆ ತುಂಬಾ ಜನ ಹೇಳದೇ ನುಂಗಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ನಂಬರು. ದುಡ್ಡು ಬೇಡ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಮಾತಾಡಲು ಆಗದಿದ್ದರೆ ಮನೆಯವರೇ ಮಾಡಬಹುದು.