ಹೆಡ್ಜ್ ಫಂಡ್ ಕೈಲಿ ಯಾವ ಷೇರಿದೆ ಅಂತ 13ಎಫ್ ಓದಿ ತಿಳ್ಕೊಳ್ಳೋದು ಹೇಗೆ

"ಇಂಥ ದೊಡ್ಡ ಫಂಡ್ ಇಂಥ ಷೇರು ತಗೊಂಡಿದೆಯಂತೆ" ಅಂತ ಸುದ್ದಿ ಬಂದ್ರೆ ಸಾಕು, ಜನ ಆ ಷೇರಿನ ಹಿಂದೆ ಬೀಳ್ತಾರೆ, ಆದ್ರೆ ಆ ಸುದ್ದಿ ಎಲ್ಲಿಂದ ಹುಟ್ಟಿತು ಅಂತ ಹುಡುಕೋರು ಕಮ್ಮಿ. ಅಮೆರಿಕದ ಮಾರ್ಕೆಟ್ಟಲ್ಲಿ ಇಂಥ ಸುದ್ದಿಗಳ ಮೂಲ ಹೆಚ್ಚಾಗಿ ಒಂದೇ, ಹೆಡ್ಜ್ ಫಂಡ್ (ಶ್ರೀಮಂತರ, ಸಂಸ್ಥೆಗಳ ದುಡ್ಡು ಹೂಡೋ ಖಾಸಗಿ ಫಂಡ್) ಥರದವರು ಅಮೆರಿಕದ ಷೇರು ಮಾರ್ಕೆಟ್ ನಿಯಂತ್ರಕ ಎಸ್‌ಇಸಿಗೆ ಕೊಡೋ ಫಾರ್ಮ್ 13ಎಫ್, ಅಂದ್ರೆ ಅವರ ಕೈಲಿರೋ ಷೇರುಗಳ ಪಟ್ಟಿ. ಅದು ಎಸ್‌ಇಸಿಯ ಎಡ್ಗರ್ ಅನ್ನೋ ಸೈಟಲ್ಲಿ ಎಲ್ಲರಿಗೂ ಫ್ರೀಯಾಗೇ ಸಿಗುತ್ತೆ. ಸುದ್ದಿ ಬಿಟ್ಟು ಆ ಫೈಲಿಂಗನ್ನೇ ತೆಗೆದು ಓದೋ ಅಭ್ಯಾಸ ಮಾಡ್ಕೊಳ್ಳಿ ಅಂತ ಎಲ್ಲರಿಗೂ ಹೇಳ್ತಿರ್ತೀನಿ, ಅದಕ್ಕೇ ನಾನು ಓದೋ ಕ್ರಮ ಇಲ್ಲಿ ಬರೀತಿದ್ದೀನಿ.

ಮೊದ್ಲು ನಿಯಮ ಗೊತ್ತಿರಲಿ. 1934ರ ಸೆಕ್ಯುರಿಟೀಸ್ ಎಕ್ಸ್‌ಚೇಂಜ್ ಆಕ್ಟಿಗೆ 1975ರಲ್ಲಿ ಸೇರಿಸಿದ ಸೆಕ್ಷನ್ ಇದು. 13ಎಫ್ ಪಟ್ಟಿಯಲ್ಲಿರೋ ಷೇರುಗಳಲ್ಲಿ 10 ಕೋಟಿ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ನೋಡ್ಕೊಳ್ಳೋ ಮ್ಯಾನೇಜರ್‌ಗಳು ಕ್ವಾರ್ಟರ್ (ವರ್ಷದ ಮೂರು ತಿಂಗಳ ಅವಧಿ) ಮುಗಿದ 45 ದಿನದೊಳಗೆ ಲೆಕ್ಕ ಕೊಡಬೇಕು, ಅಂದ್ರೆ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಮಧ್ಯಕ್ಕೆ ಬರುತ್ತೆ. ತುಂಬಾ ಫಂಡ್‌ಗಳು ಕೊನೇ ದಿನದವರೆಗೂ ಕಾಯ್ತಾವೆ. ಜನವರಿ ಮೊದಲ ವಾರ ತಗೊಂಡಿದ್ದು ನಿಮ್ಮ ಕಣ್ಣಿಗೆ ಬೀಳೋದು ಮೇ 15ರ ಹೊತ್ತಿಗೆ, ಅಷ್ಟರಲ್ಲಿ ಅವರು ಮಾರಿ ಆಚೆ ಹೋಗಿದ್ರೂ ಹೋಗಿರಬಹುದು. ಇದನ್ನ ತಲೇಲಿ ಇಟ್ಕೊಂಡೇ ಮುಂದೆ ಓದಬೇಕು.

ಎಡ್ಗರ್‌ನಲ್ಲಿ ಹುಡುಕುವಾಗ ಫಂಡಿನ ಹೆಸರಲ್ಲ, ಅದನ್ನ ನಡೆಸೋ ಮ್ಯಾನೇಜ್‌ಮೆಂಟ್ ಸಂಸ್ಥೆಯ ಹೆಸರು ಹಾಕಿ. ಫಂಡ್ ಮ್ಯಾನೇಜರ್ ಬಿಲ್ ಆಕ್ಮನ್ ಅಂತ ಹಾಕೋ ಬದಲು ಪರ್ಶಿಂಗ್ ಸ್ಕ್ವೇರ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅಂತ, ಮೈಕಲ್ ಬರಿ ಬದಲು ಸಯಾನ್ ಅಸೆಟ್ ಮ್ಯಾನೇಜ್‌ಮೆಂಟ್ ಅಂತ. ಸಿಕ್ಕಿದ ಮೇಲೆ ಅದರ ಸಿಐಕೆ ನಂಬರ್ (ಎಸ್‌ಇಸಿ ಕೊಡೋ ಗುರುತಿನ ಸಂಖ್ಯೆ) ಬರೆದಿಟ್ಕೊಳ್ಳಿ, ಮುಂದಿನ ಸಲ ಹುಡುಕೋ ಕೆಲಸ ಉಳಿಯುತ್ತೆ. ನಿಮಗೆ ಬೇಕಾದ್ದು 13ಎಫ್-ಎಚ್‌ಆರ್. ಎನ್‌ಟಿ ಅಂತ ಇದ್ರೆ ಅದರಲ್ಲಿ ಪಟ್ಟಿ ಇರಲ್ಲ, ನಮ್ಮ ಲೆಕ್ಕವನ್ನ ಬೇರೆ ಮ್ಯಾನೇಜರ್ ಕೊಟ್ಟಿದ್ದಾರೆ ಅಂತ ಹೇಳೋ ಚೀಟಿ ಅದು. ಕೊನೇಲಿ ಸ್ಲ್ಯಾಶ್ ಎ ಅಂತ ಇದ್ರೆ ತಿದ್ದುಪಡಿ, ಅದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಎಸ್‌ಇಸಿ ಅನುಮತಿ ಪಡೆದು ಕೆಲವು ಹೋಲ್ಡಿಂಗ್‌ಗಳನ್ನ ಸ್ವಲ್ಪ ಕಾಲ ಗುಟ್ಟಾಗಿ ಇಡೋಕೆ ಅವಕಾಶ ಇದೆ, ಆಮೇಲೆ ಅವು ತಿದ್ದುಪಡಿಯಲ್ಲೇ ಬರ್ತಾವೆ, ಬರ್ಕ್‌ಷೈರ್ ಹ್ಯಾಥವೇ ಹೆಡ್ಜ್ ಫಂಡ್ ಅಲ್ಲದಿದ್ರೂ ಅದಕ್ಕೂ ಇದೇ ನಿಯಮ, ಅವರು ಚಬ್ ಕಂಪನಿ ಷೇರನ್ನ ಹೀಗೇ ಒಳಗೊಳಗೇ ಕೊಳ್ತಾ ಹೋಗಿ 2024ರ ಮೇ ತಿಂಗಳಲ್ಲಿ ಹೊರಗೆ ಹೇಳಿದ್ರು.

ಈಗ ಇನ್ಫರ್ಮೇಶನ್ ಟೇಬಲ್ ತೆಗೆದು ಎಕ್ಸೆಲ್‌ಗೆ ಹಾಕ್ಕೊಳ್ಳಿ. ಕಂಪನಿ ಹೆಸರು, ಷೇರಿನ ವರ್ಗ, ಕ್ಯೂಸಿಪ್ ನಂಬರ್ (ಒಂದೊಂದು ಷೇರಿಗೂ ಇರೋ ಗುರುತಿನ ಸಂಖ್ಯೆ), ಮೌಲ್ಯ, ಷೇರುಗಳ ಸಂಖ್ಯೆ, ಪುಟ್ ಅಥವಾ ಕಾಲ್ (ನಿಗದಿತ ಬೆಲೆಗೆ ಷೇರು ಮಾರೋ ಹಕ್ಕು ಪುಟ್, ಕೊಳ್ಳೋ ಹಕ್ಕು ಕಾಲ್, ಎರಡಕ್ಕೂ ಆಪ್ಶನ್ ಅಂತಾರೆ), ಆಮೇಲೆ ವೋಟಿಂಗ್ ಅಧಿಕಾರದ ಕಾಲಂಗಳು. ಒಂದೇ ಷೇರು ನಾಲ್ಕೈದು ಸಾಲಲ್ಲಿ ಹಂಚಿ ಹೋಗಿರಬಹುದು, ಅದಕ್ಕೇ ಕ್ಯೂಸಿಪ್ ಮೇಲೆ ಪಿವಟ್ ಟೇಬಲ್ ಹಾಕಿ ಕೂಡಿಸಿ, ಹೆಸರಿನ ಮೇಲೆ ಕೂಡಿಸಬೇಡಿ, ಹೆಸರಿನ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಕೂಡಿಸುವಾಗ ಪುಟ್, ಕಾಲ್ ಸಾಲುಗಳನ್ನ ಬೇರೆ ಇಡಿ. ಇನ್ನೊಂದು ವಿಷ್ಯ, 2023ರ ಜನವರಿವರೆಗೂ ಮೌಲ್ಯವನ್ನ ಸಾವಿರ ಡಾಲರ್ ಲೆಕ್ಕದಲ್ಲಿ ಬರೀತಿದ್ರು, ಆಮೇಲೆ ಪೂರ್ತಿ ಡಾಲರ್. ಹಳೇದು ಹೊಸದು ಪಕ್ಕಪಕ್ಕ ಇಟ್ರೆ ಸಾವಿರ ಪಟ್ಟು ಏರಿದ ಹಾಗೆ ಕಾಣುತ್ತೆ.

ಪುಟ್-ಕಾಲ್ ಕಾಲಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಾನೇ ಶುರುವಲ್ಲಿ ಎಡವಿದ್ದು ಇಲ್ಲೇ. ಒಂದು ಫಂಡಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲು ನೋಡಿ ಇವರಿಗೆ ಈ ಕಂಪನಿ ಮೇಲೆ ಎಷ್ಟು ನಂಬಿಕೆ ಅಂತ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ ಅದು ಪುಟ್, ಅಂದ್ರೆ ಬೆಲೆ ಬೀಳಲಿ ಅಂತ ಇಟ್ಟಿದ್ದು. ಅದಕ್ಕಿಂತ ದೊಡ್ಡ ಗೊಂದಲ ಮೌಲ್ಯದ್ದು. ಆಪ್ಶನ್‌ಗೆ ಅವರು ಕೊಟ್ಟ ಪ್ರೀಮಿಯಂ ಇಲ್ಲಿ ಬರೋದೇ ಇಲ್ಲ, ಆ ಆಪ್ಶನ್ ಹಿಂದಿರೋ ಅಷ್ಟೂ ಷೇರುಗಳ ಬೆಲೆ ಬರುತ್ತೆ. 2023ರ ಆಗಸ್ಟಲ್ಲಿ ಮೈಕಲ್ ಬರಿ ಅವರು ಅಮೆರಿಕದ ಮಾರ್ಕೆಟ್ ಬೀಳುತ್ತೆ ಅಂತ 1.6 ಬಿಲಿಯನ್ ಡಾಲರ್ ಬಾಜಿ ಕಟ್ಟಿದ್ದಾರೆ ಅಂತ ಹೆಡ್‌ಲೈನ್ ಓಡಿತ್ತಲ್ಲ, ಅದು ಎರಡು ಇಂಡೆಕ್ಸ್ ಇಟಿಎಫ್‌ಗಳ (ಮಾರ್ಕೆಟ್ ಸೂಚ್ಯಂಕವನ್ನ ಹಿಂಬಾಲಿಸೋ, ಷೇರಿನ ಹಾಗೇ ಕೊಂಡು ಮಾರೋ ಫಂಡ್‌ಗಳ) ಪುಟ್‌ಗಳ ಹಿಂದಿದ್ದ ಷೇರುಗಳ ಮೌಲ್ಯ, ಅವರ ಜೇಬಿಂದ ಹೋದ ದುಡ್ಡಲ್ಲ. ಸ್ಟ್ರೈಕ್ ಬೆಲೆ (ಆಪ್ಶನ್‌ನ ನಿಗದಿತ ಬೆಲೆ), ಎಕ್ಸ್‌ಪೈರಿ (ಅದರ ಕೊನೇ ದಿನ) ಎರಡೂ 13ಎಫ್‌ನಲ್ಲಿ ಇರಲ್ಲ, ಅವರು ಮಾರಿದ ಆಪ್ಶನ್‌ಗಳೂ ಇರಲ್ಲ. ಹಾಗಾಗಿ ನಾನು ಆಪ್ಶನ್ ಸಾಲುಗಳನ್ನ ಬೇರೆ ಶೀಟಿಗೆ ಎತ್ತಿಟ್ಟು, ಬರೀ ಷೇರುಗಳ ಮೇಲೆ ಶೇಕಡಾವಾರು ಲೆಕ್ಕ ಹಾಕ್ತೀನಿ.

ಇನ್ನು ಅಸಲಿ ಕೆಲಸ, ಹಿಂದಿನ ಕ್ವಾರ್ಟರ್ ಜೊತೆ ಹೋಲಿಸೋದು. ಇಲ್ಲಿ ಷೇರುಗಳ ಸಂಖ್ಯೆ ನೋಡಿ, ಡಾಲರ್ ಮೌಲ್ಯ ನೋಡ್ಬೇಡಿ. ಬರ್ಕ್‌ಷೈರ್ ಹತ್ರ 2024ರ ಮಾರ್ಚ್ ಕೊನೆಗೆ ಸುಮಾರು 78.9 ಕೋಟಿ ಆಪಲ್ ಷೇರಿತ್ತು, ಜೂನ್ ಕೊನೆಗೆ 40 ಕೋಟಿ, ಹತ್ರಹತ್ರ ಅರ್ಧಕ್ಕರ್ಧ ಮಾರಿಬಿಟ್ಟಿದ್ರು. ಆದ್ರೆ ಮೌಲ್ಯ ಮಾತ್ರ ನೋಡಿದ್ರೆ 135 ಬಿಲಿಯನ್ ಚಿಲ್ಲರೆಯಿಂದ 84 ಬಿಲಿಯನ್ ಡಾಲರ್‌ಗೆ, ಅಂದ್ರೆ ಶೇ. 38ರಷ್ಟು ಇಳಿದ ಹಾಗೆ ಕಾಣುತ್ತೆ, ಯಾಕಂದ್ರೆ ಆ ಮೂರು ತಿಂಗಳಲ್ಲಿ ಆಪಲ್ ಬೆಲೆ ಏರಿತ್ತು. ಸಂಖ್ಯೆ ನೋಡುವಾಗ ಸ್ಪ್ಲಿಟ್ ಆಗಿದೆಯಾ ಅಂತಾನೂ ಚೆಕ್ ಮಾಡಿ, 2024ರ ಜೂನಲ್ಲಿ ಎನ್‌ವಿಡಿಯಾ ಒಂದು ಷೇರನ್ನ 10 ಮಾಡಿತು, ಆ ಕ್ವಾರ್ಟರ್‌ನಲ್ಲಿ ಏನೂ ಕೊಳ್ಳದ ಫಂಡ್ ಕೂಡ ಹತ್ತು ಪಟ್ಟು ಕೊಂಡ ಹಾಗೆ ಕಾಣ್ತಿತ್ತು. ಎಷ್ಟಕ್ಕೆ ಕೊಂಡ್ರು ಅಂತ ಪಟ್ಟಿಯಲ್ಲಿ ಇರಲ್ಲ, ಅದಕ್ಕೆ ಆ ಮೂರು ತಿಂಗಳ ಕನಿಷ್ಠ, ಗರಿಷ್ಠ ಬೆಲೆ ಎರಡನ್ನೂ ಪಕ್ಕದಲ್ಲಿ ಬರೆದಿಡ್ತೀನಿ, ಇವತ್ತಿನ ಬೆಲೆ ಎಲ್ಲಿದೆ ಅಂತ ಗೊತ್ತಾಗುತ್ತೆ.

ಯಾವ ಫಂಡ್ ಓದಬೇಕು ಅನ್ನೋದೂ ಮುಖ್ಯ. ಸಿಟಾಡೆಲ್, ಮಿಲೆನಿಯಂ ಥರದವರ ಫೈಲಿಂಗಲ್ಲಿ ಸಾವಿರಾರು ಸಾಲು, ಟ್ರೇಡಿಂಗಿಗೆ ಇಟ್ಟಿದ್ದು, ನಷ್ಟ ತಡೆಯೋಕೆ ಹೆಡ್ಜ್ ಮಾಡಿದ್ದು ಎಲ್ಲ ಕಲಸಿ ಹೋಗಿರುತ್ತೆ, ಅದರಲ್ಲಿ ಒಂದು ಸಾಲು ಎತ್ತಿ ಅರ್ಥ ಹುಡುಕೋದು ವ್ಯರ್ಥ ಅಂತ ನನ್ನ ಅಭಿಪ್ರಾಯ. ಹತ್ತು-ಇಪ್ಪತ್ತು ಷೇರು ಇಟ್ಕೊಂಡು ವರ್ಷಗಟ್ಟಲೆ ಕೂರೋ ಫಂಡ್ ಆರಿಸ್ಕೊಂಡು ಕನಿಷ್ಠ ಎಂಟು ಕ್ವಾರ್ಟರ್ ಹಿಂದಕ್ಕೆ ಹೋಗಿ ಓದಿ, ಅವರು ಎಷ್ಟು ನಿಧಾನ ಕೊಳ್ತಾರೆ, ಬೆಲೆ ಬಿದ್ದಾಗ ಸೇರಿಸ್ತಾರಾ ಓಡ್ತಾರಾ ಅಂತ ತಿಳಿಯುತ್ತೆ.

ಪಟ್ಟಿಯಲ್ಲಿ ಇಲ್ಲದಿರೋದು ಕೂಡ ತುಂಬಾ ಇದೆ. ಶಾರ್ಟ್ ಪೊಸಿಷನ್ (ಬೆಲೆ ಬೀಳುತ್ತೆ ಅಂತ ಷೇರು ಎರವಲು ತಂದು ಮಾರಿದ್ದು) ಇಲ್ಲ, ಕ್ಯಾಶ್ ಇಲ್ಲ, ಹೊರದೇಶದ ಎಕ್ಸ್‌ಚೇಂಜಲ್ಲಿ ಮಾತ್ರ ಇರೋ ಷೇರಿಲ್ಲ, ಸ್ವಾಪ್ (ಷೇರು ತಾವು ಕೊಳ್ಳದೇ ಅದರ ಲಾಭನಷ್ಟ ಮಾತ್ರ ತಗೊಳ್ಳೋ ಒಪ್ಪಂದ) ಇಲ್ಲ. 2021ರ ಮಾರ್ಚಲ್ಲಿ ಕುಸಿದ ಆರ್ಕಿಗೋಸ್ ಅನ್ನೋ ಅಮೆರಿಕದ ಹೂಡಿಕೆ ಸಂಸ್ಥೆ ಸಾಲ ಮಾಡಿ ಕೆಲವೇ ಷೇರುಗಳ ಮೇಲೆ ಭಾರೀ ಮೊತ್ತ ಹಾಕಿತ್ತು, ಹೆಚ್ಚಾಗಿ ಟೋಟಲ್ ರಿಟರ್ನ್ ಸ್ವಾಪ್ ಮೂಲಕ, ಹಾಗಾಗಿ ಅದರ ಹೆಸರಲ್ಲಿ ಹೊರಗೆ ಅದು ಕಾಣ್ತಿರಲಿಲ್ಲ. ಇನ್ನು, ಹೊಸ ಷೇರು ಕಂಡ ತಕ್ಷಣ ಆ ಕಂಪನಿಯನ್ನ ಬೇರೆ ಯಾರಾದ್ರೂ ಕೊಂಡ್ಕೊಳ್ಳೋ ಡೀಲ್ ನಡೀತಿದೆಯಾ ನೋಡಿ, ನಡೀತಿದ್ರೆ ಫಂಡ್ ಬಂದಿರೋದು ಡೀಲ್ ಬೆಲೆಗೂ ಮಾರ್ಕೆಟ್ ಬೆಲೆಗೂ ಇರೋ ವ್ಯತ್ಯಾಸಕ್ಕೆ ಇರಬಹುದು, ಕಂಪನಿ ಚೆನ್ನಾಗಿದೆ ಅಂತಲ್ಲ.

45 ದಿನ ಕಾಯದೇ ಸಿಗೋ ಮಾಹಿತಿಯೂ ಇದೆ. ಕಂಪನಿಯ ಶೇ. 5ಕ್ಕಿಂತ ಜಾಸ್ತಿ ಕೊಂಡು ಆಡಳಿತದ ಮೇಲೆ ಪ್ರಭಾವ ಬೀರೋ ಉದ್ದೇಶ ಇದ್ರೆ ಶೆಡ್ಯೂಲ್ 13ಡಿ ಹಾಕಬೇಕು, 2024ರ ಫೆಬ್ರವರಿಯಿಂದ ಅದಕ್ಕೆ ಐದು ಕೆಲಸದ ದಿನ ಮಾತ್ರ. ಶೇ. 10 ದಾಟಿದವರು ಕೊಂಡ್ರೂ ಮಾರಿದ್ರೂ ಎರಡು ಕೆಲಸದ ದಿನದಲ್ಲಿ ಫಾರ್ಮ್ 4. 13ಡಿಯಲ್ಲಿ ಯಾಕೆ ಕೊಂಡ್ವಿ ಅಂತ ಬರೆಯೋ ಭಾಗ ಇರುತ್ತೆ, ಐಟಂ 4, ಅದನ್ನ ಪೂರ್ತಿ ಓದಿ.

ನನ್ನ ಶೀಟಲ್ಲಿ ಕೊನೇ ಕಾಲಂ ಹೆಸರು "ಯಾಕೆ". ಕಂಪನಿಯ ವಾರ್ಷಿಕ ವರದಿ ಓದಿ ಆದ್ಮೇಲೆ ಫಂಡ್ ಇದನ್ನ ಯಾಕೆ ಕೊಂಡಿರಬಹುದು ಅಂತ ನನ್ನ ಮಾತಲ್ಲಿ ಎರಡು ಸಾಲು ಬರೀತೀನಿ, ಬರೆಯೋಕೆ ಆಗದಿದ್ರೆ ಖಾಲಿ ಬಿಡ್ತೀನಿ, ಖಾಲಿ ಇರೋವರೆಗೂ ಆ ಷೇರು ಮುಟ್ಟಲ್ಲ.