ಲೋಕಲ್ ಡಿಎನ್ಎಸ್‌ನಲ್ಲಿ ಒಂದೇ ಹೆಸರಿನ ವಿಳಾಸ ಬದಲಿಸುವುದು

ಹೆಸರು ಕೇಳಿದವರಿಗೆ ಐಪಿ ವಿಳಾಸ ಹೇಳುವುದು ಡಿಎನ್ಎಸ್ ಸರ್ವರಿನ ಕೆಲಸ. ಮನೆಯಲ್ಲೋ ಕಚೇರಿಯಲ್ಲೋ ನಿಮ್ಮದೇ ಡಿಎನ್ಎಸ್ ಸರ್ವರ್ ಇದೆ ಅನ್ನಿ. ಕ್ಲೌಡ್.ಎಕ್ಸಾಂಪಲ್.ಕಾಮ್ ಹೊರಗಿನವರಿಗೆ ಪಬ್ಲಿಕ್ ಐಪಿ ತೋರಿಸಬೇಕು, ನಿಮ್ಮ ನೆಟ್‌ವರ್ಕ್ ಒಳಗಿದ್ದವರಿಗೆ 192.168.1.10 ತೋರಿಸಬೇಕು. ಇಷ್ಟಕ್ಕೆ ಇಡೀ ಎಕ್ಸಾಂಪಲ್.ಕಾಮ್ ಜೋನನ್ನೇ (ಆ ಡೊಮೇನಿನ ಎಲ್ಲ ದಾಖಲೆಗಳ ಗುಂಪು) ಒಳಗೆ ಕಟ್ಟಿಕೊಂಡರೆ ಮೇಲ್, ವೆಬ್‌ಸೈಟ್ ಎಲ್ಲ ಕೈಕೊಡುತ್ತವೆ. ನೀವು ಬರೆಯದ ಹೆಸರಿಗೆಲ್ಲ ಸರ್ವರ್ ‘ಅಂಥದ್ದಿಲ್ಲ’ ಅಂದುಬಿಡುತ್ತದೆ. ಬೇಕಾದ ಹೆಸರೊಂದನ್ನೇ ಮುಟ್ಟಿ.

ಅನ್‌ಬೌಂಡ್‌ನಲ್ಲಾದರೆ (ಇದೊಂದು ಡಿಎನ್ಎಸ್ ಸರ್ವರ್ ತಂತ್ರಾಂಶ) ಕಾನ್ಫಿಗ್ ಫೈಲಿನ ‘ಸರ್ವರ್’ ಭಾಗದಲ್ಲಿ ಒಂದು ಸಾಲು ಸಾಕು (ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ):

ಲೋಕಲ್-ಡೇಟಾ: "ಕ್ಲೌಡ್.ಎಕ್ಸಾಂಪಲ್.ಕಾಮ್. 300 ಐಎನ್ ಎ 192.168.1.10"

‘ಎ’ ಅಂದರೆ ಐಪಿವಿ4 ವಿಳಾಸದ ದಾಖಲೆ. 300 ಅಂದರೆ ಟಿಟಿಎಲ್, ಅಂದರೆ ಕೇಳಿದವರು ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, ಸೆಕೆಂಡುಗಳಲ್ಲಿ. ಬಿಟ್ಟರೆ 3600 ಆಗುತ್ತದೆ. ತಪ್ಪು ಐಪಿ ಬರೆದ ದಿನ ಆ ಒಂದು ಗಂಟೆ ಬಹಳ ಉದ್ದ. ಅನ್‌ಬೌಂಡ್-ಚೆಕ್‌ಕಾನ್ಫ್ (ಫೈಲಿನ ತಪ್ಪು ಹುಡುಕುವ ಆಜ್ಞೆ) ಓಡಿಸಿ, ದೋಷವಿಲ್ಲದಿದ್ದರೆ ರೀಲೋಡ್ ಮಾಡಿ. ಅನ್‌ಬೌಂಡ್-ಕಂಟ್ರೋಲ್ (ಓಡುತ್ತಿರುವ ಸರ್ವರಿಗೆ ಆಜ್ಞೆ ಕೊಡುವ ಸಾಧನ) ಮೂಲಕ ನೇರ ಸೇರಿಸಿದ್ದು ರೀಲೋಡ್ ಆದೊಡನೆ ಹೋಗುತ್ತದೆ, ಪರೀಕ್ಷೆಗಷ್ಟೇ ಸರಿ.

ಜೋನ್ ವಿಧ (ನೀವು ಬರೆಯದ ಪ್ರಶ್ನೆಗಳಿಗೆ ಏನು ಹೇಳಬೇಕೆಂಬ ನಿಯಮ) ಬರೆಯದಿದ್ದರೆ ಆ ಹೆಸರಿಗೆ ‘ಟ್ರಾನ್ಸ್‌ಪರೆಂಟ್’ ತಾನಾಗಿಯೇ ಬರುತ್ತದೆ. ಆಗ ಎ ರೆಕಾರ್ಡ್ ನಿಮ್ಮದು. ಅದೇ ಹೆಸರಿನ ಎಎಎಎ (ಐಪಿವಿ6 ವಿಳಾಸ), ಎಂಎಕ್ಸ್ (ಮೇಲ್ ಸರ್ವರ್) ಕೇಳಿದರೆ ಖಾಲಿ ಉತ್ತರ. ‘ಟೈಪ್‌ಟ್ರಾನ್ಸ್‌ಪರೆಂಟ್’ ಹಾಕಿದರೆ ಉಳಿದ ವಿಧಗಳು ಹೊರಗಿನಿಂದ ಬರುತ್ತವೆ. ಕೇಳಲು ಚೆನ್ನ, ಆದರೆ ಹೊರಗೆ ಎಎಎಎ ಇದ್ದರೆ ಫೋನು ಐಪಿವಿ6 ಹಿಡಿದು ಪಬ್ಲಿಕ್ ವಿಳಾಸಕ್ಕೇ ಓಡುತ್ತದೆ. ಬ್ರೌಸರುಗಳು ಕೇಳುವ ಎಚ್‌ಟಿಟಿಪಿಎಸ್ ರೆಕಾರ್ಡಿನೊಳಗಿನ ಐಪಿ ಸುಳಿವುಗಳದ್ದೂ ಇದೇ ಕಿತಾಪತಿ. ಆ ಹೆಸರಿಗೆ ಮೇಲ್ ಬರುವುದಿಲ್ಲವಾದರೆ ಟ್ರಾನ್ಸ್‌ಪರೆಂಟೇ ಇರಲಿ. ಆ ಹೆಸರಿನ ಸಬ್‌ಡೊಮೇನುಗಳೆಲ್ಲ ಒಂದೇ ಐಪಿಗೆ ಹೋಗಬೇಕಾದರೆ ಮಾತ್ರ ‘ರೀಡೈರೆಕ್ಟ್’. ಇನ್ನೊಂದು ಡಿಎನ್ಎಸ್ ಸರ್ವರ್ ತಂತ್ರಾಂಶವಾದ ಡಿಎನ್ಎಸ್‌ಮಾಸ್ಕ್‌ನಲ್ಲಿ ‘ಅಡ್ರೆಸ್’ ಸಾಲು ಸಬ್‌ಡೊಮೇನುಗಳನ್ನೂ ನುಂಗುತ್ತದೆ. ಒಂದೇ ಹೆಸರಿಗೆ ‘ಹೋಸ್ಟ್-ರೆಕಾರ್ಡ್’ ಬಳಸಿ.

ಈಗ ಡಿಎನ್ಎಸ್ ಸರ್ವರಿಗೆ ಪ್ರಶ್ನೆ ಕೇಳಿ ನೋಡುವ ಆಜ್ಞೆಯಾದ ಡಿಗ್‌ನಲ್ಲಿ ನಿಮ್ಮ ಸರ್ವರಿನ ಐಪಿಯನ್ನು ಆಟ್ ಚಿಹ್ನೆಯ ಜೊತೆ ಕೊಟ್ಟು ಕೇಳಿ. ಅನ್‌ಬೌಂಡ್ ಆದರೆ 192.168.1.10ರ ಜೊತೆ ಫ್ಲ್ಯಾಗ್ ಸಾಲಿನಲ್ಲಿ ‘ಎಎ’ (ಸರ್ವರ್ ತನ್ನದೇ ದಾಖಲೆಯಿಂದ ಹೇಳಿದ್ದು ಎಂಬ ಗುರುತು) ಕಾಣಬೇಕು. ಆಮೇಲೆ ಸರ್ವರ್ ಹೆಸರಿಸದೆ ಕೇಳಿ. ಮೊದಲನೆಯದು ಸರಿಯಿದ್ದು ಎರಡನೆಯದು ಹಳೆಯ ಐಪಿ ಕೊಟ್ಟರೆ ದಾಖಲೆ ಸರಿಯಿದೆ, ಸಾಧನ ನಿಮ್ಮ ಸರ್ವರನ್ನು ಕೇಳುತ್ತಲೇ ಇಲ್ಲ, ಇಲ್ಲವೇ ಕ್ಯಾಶ್‌ನಿಂದ ಹೇಳುತ್ತಿದೆ.

ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ಐಪಿ, ಡಿಎನ್ಎಸ್ ವಿಳಾಸ ಹಂಚುವ ವ್ಯವಸ್ಥೆ) ಎರಡನೇ ಡಿಎನ್ಎಸ್ ಆಗಿ ಪಬ್ಲಿಕ್ ಸರ್ವರ್ ಕೊಟ್ಟಿದ್ದರೆ ತೆಗೆಯಿರಿ. ‘ಮೊದಲನೆಯದು ಸತ್ತರೆ ಮಾತ್ರ’ ಎಂಬ ನಿಯಮವೇನೂ ಇಲ್ಲ, ಸಾಧನ ಯಾವುದನ್ನಾದರೂ ಕೇಳೀತು. ರೌಟರ್ ಐಪಿವಿ6ನಲ್ಲಿ ಬೇರೆ ಡಿಎನ್ಎಸ್ ಹಂಚುತ್ತಿದೆಯೇ ಅಂತಲೂ ನೋಡಿ. ಡಿಗ್ ಸರಿ ಹೇಳಿ ಬ್ರೌಸರ್ ಮಾತ್ರ ತಪ್ಪಿದರೆ, ಅದರ ಸೆಟ್ಟಿಂಗ್ಸಿನಲ್ಲಿ ಸೆಕ್ಯೂರ್ ಡಿಎನ್ಎಸ್ (ನಿಮ್ಮ ಸರ್ವರನ್ನು ಬಿಟ್ಟು ಹೊರಗಿನದನ್ನು ಕೇಳುವ ಆಯ್ಕೆ) ಆಫ್ ಮಾಡಿ.